ಊರ ಹೆಸರು ಹೇಳುವ ಹಾಡು

ಕಾವ್ಯಕ್ಕೂ ಊರಿಗೂ ಇರುವ ನಂಟು ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ಹೆಸರು ಹೇಳಿತು. ಪಂಪನ ನೆನಪು ಬನವಾಸಿಯನ್ನು ಬಿಟ್ಟು ಕದಲಲಿಲ್ಲ. ಬೆಂಗಳೂರು ಎಂಬ ಹೆಸರು ಈಗ ದೊರೆತಿರುವ ಬರಹಗಳಲ್ಲಿ ಮೊದಲು ಕಾಣುವುದು ಬೇಗೂರಿನ ವೀರಗಲ್ಲಿನಲ್ಲಿ. ಸುಮಾರು 9ನೆಯ ಶತಮಾನದ ಕೊನೆಯಲ್ಲಿ ನಡೆದ ಕಾಳಗದಲ್ಲಿ ಮಡಿದವನ ಸುದ್ದಿಯೊಡನೆ. ರಾಜಧಾನಿಗಳಿಗೆ ಪ್ರಶಸ್ತಿ ಬರೆಯುವವರು ಎಲ್ಲ ಕಾಲದಲ್ಲಿಯೂ ಇದ್ದರು. ಸಣ್ಣ ಊರುಗಳ ಹೆಸರು ಕಲ್ಲಿನ ಮೇಲೆ ಉಳಿದದ್ದು ಎಷ್ಟೋ ಸಲ ಅಲ್ಲಿ ಸತ್ತವರ ದೆಸೆಯಿಂದ.

ಹೈದರಾಬಾದಿನ ಮೂಡಣ ಅಂಚಿನಲ್ಲಿರುವ ಉಪ್ಪಲ್ ಪ್ರಶಸ್ತಿಕಾರರು ಹುಡುಕಿಕೊಂಡು ಬರುವ ಊರಲ್ಲ. ಹಳೆಯ ಕಾಗದಪತ್ರಗಳಲ್ಲಿ ಅದು ಉಪ್ಪಲ್ ಕಲಾನ್, ಎಂದರೆ ದೊಡ್ಡ ಉಪ್ಪಲ್. 2007ರಲ್ಲಿ ಸುತ್ತಲಿನ ಇತರ ಪುರಸಭೆಗಳೊಂದಿಗೆ ಅದನ್ನೂ ಮಹಾನಗರಪಾಲಿಕೆಗೆ ಸೇರಿಸಲಾಯಿತು. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ವಾರಂಗಲ್ ಕಡೆಗೆ ಹೋಗುವ ಬಸ್ಸುಗಳಿಗೆ ಜನ ಕಾಯುವ ಕೂಡುರಸ್ತೆ, 2005ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಗಳು ನಡೆದಿರುವ ಕ್ರೀಡಾಂಗಣ, 2017ರಲ್ಲಿ ಬಂದ ಮೆಟ್ರೊ ನಿಲ್ದಾಣ, ದಕ್ಷಿಣಕ್ಕೆ ಮೂಸಿ ನದಿ. ಪಶ್ಚಿಮಕ್ಕೆ ಹಬ್ಸಿಗುಡ ದಾಟಿದರೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುವು. ರಾಜ್ಯಗಳ ಗಡಿ ಬದಲಾದ ಮೇಲೆಯೂ ಕೆಲಸ ಹುಡುಕುವವರ ದಾರಿ ಬದಲಾಗಲಿಲ್ಲ. ಆ ದಾರಿಯಲ್ಲಿ ಬಂದು ನೆಲೆಸಿದ ಕನ್ನಡದ ಮನೆಗಳು ಉಪ್ಪಲ್‌ನ ಗಲ್ಲಿಗಳಲ್ಲಿಯೂ ಇವೆ.

ಅಂಥ ಮನೆಯೊಂದರಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿದ್ದಾರೆ. ಚಿಂಚೋಳಿ ಸೀಮೆಯವರು. ಹಳಗನ್ನಡ ಮತ್ತು ಶಾಸನಗಳು ಅವರ ಪ್ರೀತಿಯ ವಿಷಯಗಳು. ಮೊಮ್ಮಗ ಉಪ್ಪಲ್‌ನಲ್ಲಿಯೇ ಹುಟ್ಟಿ ಬೆಳೆದವನು. ಕಾಲೇಜಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ತೆಲುಗು, ಗೆಳೆಯರ ನಡುವೆ ದಖನಿ, ಮನೆಯೊಳಗೆ ಕಲಬುರಗಿ ಕಡೆಯ ಕನ್ನಡ—ಹೀಗೆ ನಾಲ್ಕು ನುಡಿಗಳು ಅವನ ನಾಲಿಗೆಯ ಮೇಲಿವೆ. ಆದರೆ ಕನ್ನಡದ ಅಕ್ಷರ ಅವನಿಗೆ ಬಾರದು. ಅಜ್ಜನ ಕಪಾಟಿನ ಪುಸ್ತಕಗಳು ಅವನ ಪಾಲಿಗೆ ಬೆನ್ನು ತಿರುಗಿಸಿ ನಿಂತ ನೆಂಟರು. ಆಯುಷ್ಯವನ್ನೆಲ್ಲ ಪರರ ಮಕ್ಕಳಿಗೆ ಅಕ್ಷರ ಹೇಳುವುದರಲ್ಲಿ ಕಳೆದವರ ಮನೆಯಲ್ಲಿಯೇ ಅಕ್ಷರದ ಎಳೆ ಕಡಿದಿತ್ತು. ಅಧ್ಯಾಪಕರು ಈ ನೋವನ್ನು ಯಾರೊಡನೆಯೂ ಆಡಿದವರಲ್ಲ.

ಆ ಹುಡುಗ ಹಗಲಿರುಳು ಕೇಳುತ್ತಿದ್ದುದು, ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ, 1988ರಲ್ಲಿ, ಅಮೆರಿಕದಲ್ಲಿ ಹೊರಬಂದ ಒಂದು ಆಲ್ಬಮ್. ಹೆಸರು ‘ಸ್ಟ್ರೇಟ್ ಔಟ್ಟ ಕಾಂಪ್ಟನ್’. ಕಾಂಪ್ಟನ್‌ನಿಂದ ನೇರವಾಗಿ ಬಂದದ್ದು ಎಂದು ಅರ್ಥ. ಹಾಡಿದ ತಂಡ ಎನ್.ಡಬ್ಲ್ಯು.ಎ. ಮುಂದೆ ‘ಗ್ಯಾಂಗ್‌ಸ್ಟಾ ರ‍್ಯಾಪ್’ ಎಂದು ಪ್ರಸಿದ್ಧವಾದ ಪ್ರಕಾರವನ್ನು ಮನೆಮಾತು ಮಾಡಿದ ಕೃತಿ ಇದು. ಬಾಗಿಲಿನಾಚೆಯಿಂದ ಕೇಳಿಬರುತ್ತಿದ್ದ ಬೈಗುಳಗಳಿಂದ ಮನೆಯ ಹೆಂಗಸರು ಬೇಸತ್ತಿದ್ದರು. ಅಧ್ಯಾಪಕರ ಕಿವಿಗೆ ಬೈಗುಳಕ್ಕಿಂತ ಮೊದಲು ಬಿದ್ದದ್ದು ಊರಿನ ಹೆಸರು. ಒಂದು ಹಾಡಿನಲ್ಲಿ ಊರಿನ ಹೆಸರನ್ನು ಮತ್ತೆ ಮತ್ತೆ ಇಷ್ಟು ಒತ್ತಿ ಹೇಳಬೇಕಾದರೆ ಅದಕ್ಕೆ ಕಾರಣವಿರಬೇಕು ಎನ್ನಿಸಿ ಅವರು ಅದರ ಹಿನ್ನೆಲೆಯನ್ನು ಕೆದಕಲು ತೊಡಗಿದರು.

ಕಾಂಪ್ಟನ್ ಲಾಸ್ ಏಂಜಲೀಸ್ ನಗರದ ದಕ್ಷಿಣಕ್ಕಿರುವ ಸಣ್ಣ ಪಟ್ಟಣ. 1990ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 90,000. 1980ರ ಸುಮಾರಿಗೆ ಸುತ್ತಮುತ್ತಲಿನ ಟೈರು ಮತ್ತು ಮೋಟಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಪ್ಪು ಜನರ ಮನೆಗಳಿಗೆ ಸಂಬಳ ತರುತ್ತಿದ್ದ ಬಾಗಿಲುಗಳು ಮುಚ್ಚಿದ ಹೊತ್ತಿಗೆ ಅಗ್ಗದ ಕೊಕೇನು ಬೀದಿಗೆ ಬಂತು. ಅದರ ಬೆನ್ನಿಗೆ ಗುಂಪುಗಳ ಕಾದಾಟ, ಅದರ ಬೆನ್ನಿಗೆ ಪೊಲೀಸರ ಸಾಮೂಹಿಕ ದಸ್ತಗಿರಿ. ಈ ಬೀದಿಗಳ ಆಸುಪಾಸಿನ ತರುಣರು—ಈಝಿ-ಇ, ಡಾ. ಡ್ರೆ, ಐಸ್ ಕ್ಯೂಬ್, ಎಂ.ಸಿ. ರೆನ್, ಡಿ.ಜೆ. ಯೆಲ್ಲಾ—ಸೇರಿ, ಈಝಿ-ಇ ಕಟ್ಟಿದ ಸಂಸ್ಥೆಯಿಂದಲೇ ತಮ್ಮ ಹಾಡುಗಳನ್ನು ಹೊರತಂದರು. ರೇಡಿಯೊ ನಿಲಯಗಳು ಬಹುಮಟ್ಟಿಗೆ ಅದನ್ನು ದೂರವಿಟ್ಟವು. ಶೀರ್ಷಿಕೆಗೀತೆಯ ಚಿತ್ರಿಕೆಯನ್ನು ಎಂ.ಟಿ.ವಿ. ತೋರಿಸಲಿಲ್ಲ. ಆದರೂ 1989ರ ನಡುವಿನ ಹೊತ್ತಿಗೆ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿ ಪ್ಲಾಟಿನಂ ಮನ್ನಣೆ ಪಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಪೊಲೀಸರನ್ನು ಕುರಿತ ಹಾಡೊಂದನ್ನು ಆಕ್ಷೇಪಿಸಿ ಅಮೆರಿಕದ ಎಫ್.ಬಿ.ಐ. ಅಧಿಕಾರಿಯೊಬ್ಬರು ಆ ಆಲ್ಬಮಿನ ವಿತರಕರಿಗೆ ಪತ್ರ ಬರೆದರು. ಆ ಪತ್ರ ಹಾಡಿಗೆ ದೊಡ್ಡ ಜಾಹೀರಾತಾಯಿತು. 2017ರಲ್ಲಿ ಅದೇ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮನ್ನು ರಾಷ್ಟ್ರವು ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. ಬೆದರಿಕೆ ಮತ್ತು ಬಿರುದು ಎರಡೂ ಒಂದೇ ಪ್ರಭುತ್ವದಿಂದ ಬರುವುದಕ್ಕೆ ಮೂವತ್ತು ವರ್ಷ ಸಾಕಾಯಿತು.

ಶಾಸನಗಳನ್ನು ಓದಿದವರಿಗೆ ಈ ಹಾಡುಗಳಲ್ಲಿ ಪರಿಚಿತವಾದುದು ಸಾಕಷ್ಟಿದೆ. ತುರುಗೊಳ್ ಕಾಳಗದ ವೀರಗಲ್ಲು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳುತ್ತದೆ: ಯಾವ ಊರು, ಯಾರ ಮಗ, ಹೇಗೆ ಸತ್ತ. ಕಾಂಪ್ಟನ್ನಿನ ಹಾಡು ಹೇಳುವುದೂ ಇವನ್ನೇ. ಭೇದವಿರುವುದು ಹೇಳುವವನಲ್ಲಿ. ವೀರಗಲ್ಲಿನಲ್ಲಿ ಸತ್ತವನ ಪರವಾಗಿ ಊರು ಮಾತನಾಡುತ್ತದೆ; ಇಲ್ಲಿ ಬದುಕಿರುವವನೇ ನಾಳೆ ಕಲ್ಲು ನಿಲ್ಲಿಸುವವರಿಲ್ಲವೆಂಬ ಅರಿವಿನಿಂದ ತನ್ನ ಕಲ್ಲನ್ನು ತಾನೇ ಕೆತ್ತಿಕೊಳ್ಳುತ್ತಾನೆ. ಆತ್ಮಪ್ರಶಂಸೆಯೂ ಹೊಸದಲ್ಲ. ಗದಾಯುದ್ಧದ ಭೀಮ ದುರ್ಯೋಧನರಿಬ್ಬರೂ ಗದೆಗಿಂತ ಮೊದಲು ನಾಲಿಗೆಯನ್ನು ಬೀಸುವವರು. ವೀರಗಾಸೆಯ ಕುಣಿತದಲ್ಲಿ ವಾದ್ಯ ನಿಂತೊಡನೆ ಒಡಪು ಹೇಳುವವನ ಗಂಟಲು ಕೆರಳುತ್ತದೆ. ಹಾಡೂ ಅಲ್ಲದ ಮಾತೂ ಅಲ್ಲದ ಆ ಲಯಬದ್ಧ ಉಗ್ಗಡಣೆಯು ರ‍್ಯಾಪ್‌ನ ದೂರದ ದಾಯಾದಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ರುದ್ರನ ವೇಷ ಕಟ್ಟಿದವನನ್ನು ಯಾರೂ ಊರಿನ ಕೊಲೆಗಾರನೆಂದು ಹಿಡಿದುಕೊಡುವುದಿಲ್ಲ. ಐಸ್ ಕ್ಯೂಬ್ ಕೂಡ ಬಂದೂಕಿನಿಂದ ಬದುಕಿದವನಲ್ಲ. ಈ ಹಾಡುಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಅವನು ಅರಿಝೋನ ರಾಜ್ಯಕ್ಕೆ ಹೋಗಿ ಕಟ್ಟಡಗಳ ನಕ್ಷೆ ಬರೆಯುವ ವಿದ್ಯೆ ಕಲಿತು ಬಂದಿದ್ದ. ಕಾವ್ಯದ ‘ನಾನು’ ಮತ್ತು ಕವಿಯ ‘ನಾನು’ ಬೇರೆ ಬೇರೆ ಎಂಬ ಪಾಠ ಹೇಳುವವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಳ್ಳಬಹುದು.

ಆದರೆ ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ವೀರಗಲ್ಲು ಮಾರಾಟದ ವಸ್ತುವಾಗಿರಲಿಲ್ಲ. 1991ರ ಮೇ ತಿಂಗಳಿನಿಂದ ಬಿಲ್‌ಬೋರ್ಡ್ ಪತ್ರಿಕೆಯು ಅಂಗಡಿಯವರ ಹೇಳಿಕೆಯನ್ನು ಬಿಟ್ಟು ಯಂತ್ರದಲ್ಲಿ ದಾಖಲಾದ ಮಾರಾಟವನ್ನೇ ಎಣಿಸತೊಡಗಿತು. ಮುಂದಿನ ತಿಂಗಳೇ ಈ ತಂಡದ ಮುಂದಿನ ಆಲ್ಬಮ್ ಮೊದಲ ಸ್ಥಾನದಲ್ಲಿತ್ತು. ಕೊಳ್ಳುವವರಲ್ಲಿ ದೊಡ್ಡ ಪಾಲು ಕಾಂಪ್ಟನ್ನಿನಂಥ ಬೀದಿಗಳನ್ನು ಎಂದೂ ತುಳಿಯದ ಹೊರವಲಯದ ಬಿಳಿಯ ತರುಣರದು. 1992ರ ಕೊನೆಯಲ್ಲಿ ಡಾ. ಡ್ರೆಯ ‘ದ ಕ್ರಾನಿಕ್’, 1993ರಲ್ಲಿ ಸ್ನೂಪ್ ಡಾಗ್‌ನ ಮೊದಲ ಆಲ್ಬಮ್ ಬಂದಾಗ ಮಾರುಕಟ್ಟೆಗೆ ತನಗೇನು ಬೇಕೆಂಬುದು ಖಚಿತವಾಗಿತ್ತು. ಊರಿನ ಕಷ್ಟ, ಮುಚ್ಚಿದ ಕಾರ್ಖಾನೆ, ಅಂಜಿಕೆ ಇವೆಲ್ಲ ಹಿಂದಕ್ಕೆ ಸರಿದವು. ಬಂದೂಕು, ಹಣ ಮತ್ತು ಹೆಣ್ಣಿನ ಮೇಲಿನ ದರ್ಪ ಮುಂದೆ ಬಂದವು. 1996ರ ಸೆಪ್ಟೆಂಬರ್‌ನಲ್ಲಿ ಟೂಪಾಕ್, 1997ರ ಮಾರ್ಚ್‌ನಲ್ಲಿ ನಟೋರಿಯಸ್ ಬಿ.ಐ.ಜಿ. ಗುಂಡಿಗೆ ಬಲಿಯಾದರು. ವೇಷ ಬಿಚ್ಚಿಡಲು ಬಾರದ ಕಡೆ ಕುಣಿತ ಹೇಗೆ ಮುಗಿಯುತ್ತದೆ ಎಂಬುದನ್ನು ಈ ಎರಡು ಸಾವುಗಳು ತೋರಿಸಿದುವು.

ಲಾಭದ ಹಂಚಿಕೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಸಾಹಿತ್ಯದ ದೊಡ್ಡ ಪಾಲನ್ನು ಬರೆದ ಐಸ್ ಕ್ಯೂಬ್ ಹಣದ ವಿಚಾರದಲ್ಲಿ ಮುನಿಸಿಕೊಂಡು 1989ರ ಕೊನೆಗೆ ತಂಡ ಬಿಟ್ಟ. ಆಲ್ಬಮಿನ ಶೀರ್ಷಿಕೆಗೀತೆಯ ತಾಳವು 1969ರಲ್ಲಿ ದ ವಿನ್‌ಸ್ಟನ್ಸ್ ಎಂಬ ತಂಡದ ಹಾಡಿನಿಂದ ತೆಗೆದ ಆರೇಳು ಸೆಕೆಂಡುಗಳ ಡ್ರಮ್ ನುಡಿಸಾಣಿಕೆ. ಜಗತ್ತಿನ ಸಾವಿರಾರು ಹಾಡುಗಳಿಗೆ ಎರವಲಾಗಿ ಹೋದ ಆ ಕೈಚಳಕದ ವಾದಕ ಗ್ರೆಗರಿ ಕೋಲ್ಮನ್ ಅದರಿಂದ ಬಿಡಿಗಾಸು ಕಾಣದೆ 2006ರಲ್ಲಿ ಬಡವನಾಗಿಯೇ ತೀರಿಕೊಂಡ. ಅನಾಮಿಕ ಜನಪದ ಕಲಾವಿದರ ಪಾಡನ್ನು ಬಲ್ಲ ಕನ್ನಡದವರಿಗೆ ಇದು ವಿವರಿಸಿ ಹೇಳಬೇಕಾದ ಮಾತಲ್ಲ.

ಅಧ್ಯಾಪಕರು ಈ ಹಾಡುಗಳಲ್ಲಿ ಕೊನೆಯವರೆಗೂ ಒಪ್ಪದೆ ಉಳಿದದ್ದು ಹೆಣ್ಣನ್ನು ಕುರಿತ ಮಾತುಗಳನ್ನು. ಅವು ವೇಷದ ಮಾತೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. 1991ರ ಜನವರಿಯಲ್ಲಿ ಡಾ. ಡ್ರೆ ದೂರದರ್ಶನ ನಿರೂಪಕಿ ಡೀ ಬಾರ್ನ್ಸ್ ಅವರ ಮೇಲೆ ಹಲ್ಲೆ ಮಾಡಿದ. ತಾನು ನೋಯಿಸಿದ ಹೆಂಗಸರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೆಂದು ಹರದೇಶಿ ಹಾಡಿದರೆ, ಅದೇ ಕಟ್ಟೆಯ ಮೇಲೆ, ಅದೇ ರಾತ್ರಿ, ಹೆಣ್ಣು ಹೆಚ್ಚೆಂದು ನಾಗೇಶಿ ಉತ್ತರ ಕೊಡುತ್ತಾಳೆ. ಬಡಾಯಿಗೆ ಅಲ್ಲಿ ಅವಕಾಶವಿದೆ, ಜವಾಬಿಗೂ ಅಷ್ಟೇ ಅವಕಾಶವಿದೆ. ಅಮೆರಿಕದ ಹೆಣ್ಣುಮಕ್ಕಳೂ ಸುಮ್ಮನಿರಲಿಲ್ಲ: 1984ರಲ್ಲಿಯೇ ಹದಿಹರೆಯದ ರಾಕ್ಸಾನ್ ಶಾಂಟೆ, 1989ರಲ್ಲಿ ಮತ್ತು 1993ರಲ್ಲಿ ಕ್ವೀನ್ ಲತೀಫಾ ಅದೇ ಪ್ರಕಾರದಲ್ಲಿ ಖಾರವಾಗಿ ಉತ್ತರಿಸಿದರು. ಆದರೆ ಮುದ್ರಿಸಿ ಮಾರುವ ಹಾಡಿನಲ್ಲಿ ಸವಾಲು ಒಬ್ಬರ ಅಂಗಡಿಯಲ್ಲಿರುತ್ತದೆ, ಜವಾಬು ಇನ್ನೊಬ್ಬರ ಅಂಗಡಿಯಲ್ಲಿ. ಒಂದನ್ನು ಕೊಂಡವನು ಇನ್ನೊಂದನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಮೇಳದ ಕಟ್ಟೆ ಕೊಡುತ್ತಿದ್ದ ನ್ಯಾಯವನ್ನು ಮಾರುಕಟ್ಟೆ ಕೊಡಲಾರದು.

ಈ ಪ್ರಕಾರ ಭಾರತಕ್ಕೆ ಬಂದಾಗ ನಕಲಿನೊಡನೆ ಮರುಮಾತೂ ಹುಟ್ಟಿತು. ಬೆಂಗಳೂರಿನ ಬ್ರೋಧಾ ವಿ ಮತ್ತು ಅವರ ಗೆಳೆಯರು ಎನ್.ಡಬ್ಲ್ಯು.ಎ. ಹೆಸರಿನ ಧಾಟಿಯಲ್ಲಿಯೇ, ತಮ್ಮ ಬೀದಿಯ ‘ಮಚ್ಚಾ’ ಎಂಬ ಸಂಬೋಧನೆಯನ್ನು ಸೇರಿಸಿ, ‘ಮಚ್ಚಾಸ್ ವಿತ್ ಆಟಿಟ್ಯೂಡ್’ ಎಂದು ತಂಡಕ್ಕೆ ಹೆಸರಿಟ್ಟರು. ಹೆಸರು ಊರಿನದಾದರೂ ಹಾಡಿನ ನುಡಿ ಹೆಚ್ಚಾಗಿ ಇಂಗ್ಲಿಷೇ ಆಗಿತ್ತು. ನೀಲಸಂದ್ರದ ಪಾಷಾ ಭಾಯ್ ತನ್ನ ಮನೆಯ ದಖನಿಯಲ್ಲಿ ಹಾಡಿದಾಗ ನುಡಿಯೂ ಬೀದಿಗೆ ಇಳಿಯಿತು. ಹೈದರಾಬಾದಿನಲ್ಲಿ ರುಹಾನ್ ಅರ್ಷದ್‌ನ ‘ಮಿಯಾ ಭಾಯ್’ ಎಂಬ ದಖನಿ ಹಾಡು 2019ರ ಹೊತ್ತಿಗೆ ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಕಿವಿಗಳನ್ನು ತಲುಪಿತು. ಪಾಠಶಾಲೆಯ ಉರ್ದುವಿನ ಎದುರು ಒರಟೆಂದು ನಗೆಗೀಡಾಗುತ್ತಿದ್ದ ನುಡಿಗೆ ಇದೊಂದು ಮರ್ಯಾದೆ. ಆ ನುಡಿ ಕನ್ನಡ ನಾಡಿಗೆ ಹೊರಗಿನದೂ ಅಲ್ಲ. ಬಹಮನಿಗಳ ಗುಲ್ಬರ್ಗಾ ಮತ್ತು ಬೀದರ್‌ಗಳಲ್ಲಿ ಬೆಳೆದ ನುಡಿ ಅದು. ದಖನಿಯ ಮೊದಲ ದೀರ್ಘಕಾವ್ಯವೆಂದು ಎಣಿಸಲಾಗುವ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ 15ನೆಯ ಶತಮಾನದಲ್ಲಿ ಬೀದರ್‌ನಲ್ಲಿಯೇ ರಚಿತವಾಯಿತು. ಉಪ್ಪಲ್‌ನ ಹುಡುಗ ಗೆಳೆಯರೊಡನೆ ದಖನಿ, ಅಜ್ಜನೊಡನೆ ಕನ್ನಡ ಆಡುವಾಗ ಎರಡು ಪರದೇಶಗಳ ನಡುವೆ ಓಡಾಡುತ್ತಿರಲಿಲ್ಲ. ಒಂದೇ ಹಳೆಯ ಅಂಗಳದ ಎರಡು ಬಾಗಿಲುಗಳಲ್ಲಿ ನಿಲ್ಲುತ್ತಿದ್ದ.

ಅವನು ತಾನೂ ಹಾಡು ಕಟ್ಟುತ್ತಿದ್ದಾನೆಂದು ಮನೆಯವರಿಗೆ ತಿಳಿದದ್ದು ತಡವಾಗಿ. ಇಂಗ್ಲಿಷಿನಲ್ಲಿದ್ದ ಆ ಸಾಲುಗಳಲ್ಲಿ ಪಿಸ್ತೂಲು, ಪೊಲೀಸು, ಅಮೆರಿಕದ ಕಾರು ಎಲ್ಲ ಇದ್ದುವು. ಉಪ್ಪಲ್ ಮಾತ್ರ ಇರಲಿಲ್ಲ. ಅಜ್ಜನೆದುರು ಅವನು ಸಂಕೋಚಪಡಲಿಲ್ಲ.

“ಮುತ್ಯಾ, ಇದರಾಗ ಬರೇ ಬೈಗುಳ ಇಲ್ಲ. ಅವರ ಊರಿನ ಸುದ್ದಿ ಅದ.”

“ಸುದ್ದಿ ಅದ, ಖರೆ. ಅವ ತನ್ನ ಊರಿನ ಹೆಸರ ತೊಗೊಂಡಾನ. ನೀ ಯಾಕ ಅವನ ಊರಿಂದು ಹಾಡತಿ? ನಿನ್ನ ಊರಿಗಿ ಹೆಸರಿಲ್ಲೇನು ತಮ್ಮಾ?”

“ಉಪ್ಪಲ್ ಮ್ಯಾಲ ಏನು ಹಾಡಬೇಕು ಮುತ್ಯಾ? ಇಲ್ಲಿ ಏನದ?”

“ಏನೂ ಇಲ್ಲದ ಊರಾಗ ಹದಿನೆಂಟ ವರ್ಷ ಹ್ಯಾಂಗ ಬೆಳದಿ?”

ಹುಡುಗನ ಬಳಿ ಉತ್ತರವಿರಲಿಲ್ಲ. ಕೆಲವು ದಿನಗಳ ಮೇಲೆ ಮನೆಯ ಕನ್ನಡದಲ್ಲಿ ನಾಲ್ಕು ಸಾಲು ಕಟ್ಟಿಕೊಂಡು ಬಂದ. ಪಂದ್ಯದ ರಾತ್ರಿಗಳಲ್ಲಿ ಕ್ರೀಡಾಂಗಣದ ದೀಪಗಳು ಟಿಕೀಟಿಲ್ಲದವರ ಮಾಳಿಗೆಯ ಮೇಲೂ ಬೆಳಕು ಚೆಲ್ಲುವುದನ್ನು ಕುರಿತ ಸಾಲುಗಳು ಅವು. ವಿಷಯ ಅವನದೇ ಆಗಿತ್ತು. ಆದರೆ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬಿಗಿಯಾಗಿ ಕೂರುತ್ತಿದ್ದ ಪ್ರಾಸ ಕನ್ನಡದಲ್ಲಿ ಸಪ್ಪೆಯಾಗುತ್ತಿದೆ ಎಂಬುದು ಅವನ ದೂರು.

ಅಧ್ಯಾಪಕರಿಗೆ ತಮ್ಮ ವಿದ್ಯೆ ಕೆಲಸಕ್ಕೆ ಬಂದದ್ದು ಇಲ್ಲಿ. ಕನ್ನಡ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ನಿಲ್ಲುತ್ತದೆ. ಬರ್ತೀನಿ, ಹೋಗ್ತೀನಿ, ನೋಡ್ತೀನಿ ಎಂದು ಎಲ್ಲ ಕ್ರಿಯಾಪದಗಳೂ ಒಂದೇ ಬಾಲವನ್ನು ಹೊತ್ತಿರುತ್ತವೆ. ಆದ್ದರಿಂದ ಸಾಲಿನ ಕೊನೆಯ ಪ್ರಾಸ ಕನ್ನಡದಲ್ಲಿ ಕಷ್ಟವಿಲ್ಲದೆ ದೊರೆಯುತ್ತದೆ, ಕಷ್ಟವಿಲ್ಲದೆ ದೊರೆತದ್ದು ಕಿವಿಯನ್ನು ಹಿಡಿಯುವುದಿಲ್ಲ. ಪ್ರಾಚೀನರು ಪ್ರಾಸವನ್ನು ಸಾಲಿನ ಮೊದಲಿಗೆ ತಂದು ಎರಡನೆಯ ಅಕ್ಷರದಲ್ಲಿ ನಿಲ್ಲಿಸಿದ್ದರಲ್ಲಿ ಅಲಂಕಾರದ ಚಪಲಕ್ಕಿಂತ ನುಡಿಯ ಸ್ವಭಾವದ ಅರಿವೇ ಹೆಚ್ಚಾಗಿದೆ. ಪ್ರತ್ಯಯಗಳು ಬಾಲದಲ್ಲಿರುವ ಭಾಷೆಯಲ್ಲಿ ಧಾತುಗಳ ವೈವಿಧ್ಯವಿರುವುದು ತಲೆಯಲ್ಲಿ. ಪ್ರಾಸಕ್ಕೆ ಅಲ್ಲಿಯೇ ಬೆಲೆ. ನಾಗವರ್ಮನ ಛಂದೋಂಬುಧಿ ಹೇಳುವ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂಬ ಆರು ಪ್ರಾಸಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಅಧ್ಯಾಪಕರು ಅವನ್ನು ಕಿವಿಯ ಆಟವಾಗಿ ಹೇಳಿಕೊಟ್ಟದ್ದು ಅದೇ ಮೊದಲು. ಉಪ್ಪಲ್ ಎಂಬ ಹೆಸರಿನ ಎರಡನೆಯ ಅಕ್ಷರ ದ್ವಿತ್ವ, ಅದು ಹಯಪ್ರಾಸ. ಉಪ್ಪಲ್ ಎಂದವನಿಗೆ ಅಪ್ಪ, ಕಪ್ಪು, ತಪ್ಪು, ಒಪ್ಪು, ಉಪ್ಪು, ಚಪ್ಪರ, ಇಪ್ಪತ್ತು ಇವೆಲ್ಲ ಬಾಗಿಲಲ್ಲಿ ಕಾದು ನಿಂತಿವೆ. ಹುಡುಗ ಮೇಜಿನ ಮೇಲೆ ಬೆರಳಿನಿಂದ ನಾಲ್ಕರ ತಾಳ ಹಾಕುತ್ತ ಒಂದೊಂದನ್ನೂ ಸಾಲಿನ ತಲೆಯಲ್ಲಿಟ್ಟು ನೋಡಿದ. ತಾಳದ ಪೆಟ್ಟು ಬೀಳುವ ಕಡೆಯೇ ದ್ವಿತ್ವವೂ ಬಿದ್ದಾಗ ಅವನ ಮುಖ ಬದಲಾಯಿತು.

ಇದರಿಂದ ಅವನು ದೊಡ್ಡ ಹಾಡುಗಾರನಾದನೆಂದಾಗಲಿ, ಬೈಗುಳದ ಆಲ್ಬಮನ್ನು ಕೇಳುವುದು ಬಿಟ್ಟನೆಂದಾಗಲಿ ತಿಳಿಯಬೇಕಾಗಿಲ್ಲ. ಈಗಲೂ ಅದನ್ನು ಕೇಳುತ್ತಾನೆ. ಹೆಣ್ಣಿನ ಕುರಿತ ಮಾತು ಬಂದಾಗ ಅಜ್ಜನ ಮುಖ ನೋಡಿ ಮುಂದಿನ ಹಾಡಿಗೆ ಹೋಗುತ್ತಾನೆ. ಅಜ್ಜನ ಆಕ್ಷೇಪ ಅಲ್ಲಿಗೆ ತೀರಿಲ್ಲ. ಆದರೆ ಫೋನಿನಲ್ಲಿ ಮುದ್ರಿಸಿಕೊಂಡ ಆ ಕನ್ನಡ ಸಾಲುಗಳನ್ನು ಅಧ್ಯಾಪಕರು ಒಂದು ಹಾಳೆಯಲ್ಲಿ ಬರೆದುಕೊಟ್ಟಾಗ ಹುಡುಗ ತನ್ನ ಮಾತನ್ನೇ ಓದಲಾರದೆ ಬಹಳ ಹೊತ್ತು 그 ಹಾಳೆಯನ್ನು ನೋಡಿದ. ಆಮೇಲೆ, ಇದರಲ್ಲಿ ಉಪ್ಪಲ್ ಎಲ್ಲಿದೆ ಎಂದು ಕೇಳಿದ.

ಕನ್ನಡ ವಿಭಾಗಗಳು ಭಾಷೆಯ ಉಳಿವನ್ನು ಸಾಮಾನ್ಯವಾಗಿ ಲಿಪಿಯಿಂದ ಅಳೆಯುತ್ತವೆ: ಎಷ್ಟು ಜನ ಓದಬಲ್ಲರು, ಎಷ್ಟು ಜನ ಪರೀಕ್ಷೆಗೆ ಕೂತರು, ಎಷ್ಟು ಶಾಲೆಗಳು ಉಳಿದವು. ಗಡಿಯಾಚೆಯ ಊರುಗಳಲ್ಲಿ ಈ ಲೆಕ್ಕ ವರ್ಷದಿಂದ ವರ್ಷಕ್ಕೆ ನಿರಾಶೆಯನ್ನೇ ತರುತ್ತದೆ. ಲೆಕ್ಕಕ್ಕೆ ಸಿಗದೆ ಉಳಿಯುವವರು ಉಪ್ಪಲ್‌ನ ಈ ಹುಡುಗನಂಥವರು. ಓದಲು ಬಾರದ, ಆದರೆ ಆಡಲು ಬರುವ ಕನ್ನಡದವರು. ಅಚ್ಚಿನ ಸಾಹಿತ್ಯದಲ್ಲಿ ಅವರಿಗೆ ಪ್ರವೇಶವಿಲ್ಲ. ಶಾಲೆಗಳು ಕೈಬಿಟ್ಟ ಬೀದಿಗಳಲ್ಲಿ, ಬಾಯಿಯನ್ನೇ ಪುಸ್ತಕ ಮಾಡಿಕೊಂಡವರು ಬೆಳೆಸಿದ ರ‍್ಯಾಪ್ ಅವರಿಂದ ಅಕ್ಷರವನ್ನು ಕೇಳುವುದಿಲ್ಲ. ನುಡಿಯ ಲಯವನ್ನೂ ಊರಿನ ಹೆಸರನ್ನೂ ಕೇಳುತ್ತದೆ. ಅಮೆರಿಕದ ಮಾರುಕಟ್ಟೆ ಕಾಂಪ್ಟನ್ನಿನಿಂದ ಬಂದೂಕನ್ನು ಆರಿಸಿಕೊಂಡು ಮಾರಿತು. ಕನ್ನಡಕ್ಕೆ ಬೇಕಾದದ್ದು ಅದೇ ಹಾಡಿನಲ್ಲಿ ಬೇರೆ ಕಡೆ ಇತ್ತು. ಅಕ್ಷರದಿಂದ ನಾಲಿಗೆಗೆ ಹೋಗುವ ದಾರಿಯನ್ನು ಮಾತ್ರ ಬಲ್ಲ ಪಂಡಿತರಿಗೆ, ನಾಲಿಗೆಯಿಂದ ಅಕ್ಷರಕ್ಕೆ ಬರುವ ದಾರಿಯೊಂದು ಅಲ್ಲಿ ತೆರೆದಿತ್ತು. ಆ ಹಾಳೆ ಈಗ ಹುಡುಗನ ಕೋಣೆಯ ಗೋಡೆಯ ಮೇಲಿದೆ. ಅದರಲ್ಲಿ ಅವನು ಓದಬಲ್ಲ ಪದ ಸದ್ಯಕ್ಕೆ ಒಂದೇ.